ಕಿತ್ತು ಬಾರದ ಗುಂಡಿ

ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ನರ್ಸಮ್ಮನಿಗೆ ಬುದ್ಧಿ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ, ಆದರೂ ಮಲಗುವಾಗ ಕಾಲ ಕೆಳಗೆ ಒಂದು ದಿಂಬು ಇಟ್ಟುಕೋ. ಅಳಿಯಂದಿರ ಬೆನ್ನುನೋವು ಹೇಗಿದೆ? ನನಗೆ ಕಣ್ಣೊಂದು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗಿದೆ. ಸೂಜಿಗೆ ದಾರ ಪೋಣಿಸಲು ನಿನ್ನ ಮಗಳನ್ನೇ ಕರೆಯಬೇಕು. "ಏನ್ ತಾತ, ಕಣ್ಣಿಗೆ ಇವತ್ತೂ ರಜಾನಾ?" ಎಂದು ಕೇಳಿಯೇ ಪೋಣಿಸಿಕೊಡುತ್ತಿದ್ದಳು. ಈಗ ಒಂಬತ್ತು ದಿನದಿಂದ ಕೇಳಿಲ್ಲ.

ಅವಳ ವಿಷಯಕ್ಕೇ ಈ ಕಾಗದ. ಹೋದ ವಾರ ಫೋನಿನಲ್ಲಿ, ನಮ್ಮ ಗುಂಡುಸೂಜಿ ಸ್ಕೂಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು ಎಂದೆನಲ್ಲ, ಅದು ಸುಳ್ಳು. ಅವಳು ಪಕ್ಕದಲ್ಲೇ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನನಗೆ ಬೇರೆ ದಾರಿ ಕಾಣಲಿಲ್ಲ. ಗಾಬರಿಯಾಗಬೇಡ. ಎಡಗಡೆಯ ಕಾಲರ್ ಬೋನ್ ಬಿರುಕು ಬಿಟ್ಟಿದೆ, ಕೈಯನ್ನು ಕೊರಳಿಗೆ ಕಟ್ಟಿದ್ದಾರೆ, ಐದಾರು ವಾರದಲ್ಲಿ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟು ಮಾತ್ರ ನಿಜ. ಬೀಳಿಸಿದವರು ನಾಲ್ಕು ಜನ ಹುಡುಗಿಯರು. ಅವರ ಜೊತೆ ನಾನೂ ಒಬ್ಬ. ಹೇಗೆ ಎಂದು ಬರೆಯುತ್ತೇನೆ, ತಾಳ್ಮೆಯಿಂದ ಓದು.

ಶಾಲೆ ಶುರುವಾದ ಎರಡನೇ ತಿಂಗಳಿನಲ್ಲಿ ನನ್ನ ಗುಂಡಿ ಡಬ್ಬ ಖಾಲಿಯಾಗತೊಡಗಿತು. ಆ ಶಾಲೆಯ ಯೂನಿಫಾರ್ಮನ್ನೆಲ್ಲ ಹೊಲಿಯುವವನು ನಾನೇ ಆದ್ದರಿಂದ ಬಿಳಿ ಗುಂಡಿ ಡಬ್ಬಗಟ್ಟಲೆ ಇರುತ್ತದೆ. ಇವಳು ಆಟಕ್ಕೆ ಒಯ್ಯುತ್ತಿದ್ದಾಳೆ ಎಂದುಕೊಂಡು ಡಬ್ಬವನ್ನು ಮೇಲಿನ ಕಪಾಟಿಗಿಟ್ಟು ಬೀಗ ಹಾಕಿದೆ. ಮಾರನೆಯ ದಿನವೇ ಅವಳ ಅಂಗಿಯ ಗುಂಡಿ ಒಂದು ಮಾಯ. ಹಾಕಿಕೊಟ್ಟೆ. ಮತ್ತೆರಡು ದಿನಕ್ಕೆ ಇನ್ನೊಂದು. "ಗುಂಡಿ ತಿಂತೀಯೇನೇ? ಊಟ ಸಾಲದೇ?" ಎಂದು ತಮಾಷೆ ಮಾಡಿದೆ. ಅವಳೂ ನಕ್ಕಳು. ಒಂದು ಸಲ ಮಾತ್ರ, "ತಾತ, ಅವ್ರು ಕಿತ್ಕೋತಾರೆ" ಎಂದಳು. ನಾನು ಯಾರದೋ ಮದುವೆ ಕೋಟಿನ ತೋಳು ಕೂರಿಸುತ್ತಿದ್ದೆ. ತಲೆ ಎತ್ತದೆ, "ಕಿತ್ಕೊಳ್ಳೋಕೆ ಬಿಟ್ರೆ ತಾನೇ" ಎಂದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ.

ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನಾನು ಹಾಕಿದ ಗುಂಡಿ ಬಿದ್ದುಹೋಯಿತು ಎಂದರೆ ನನಗೆ ಮುಖಕ್ಕೆ ಹೊಡೆದ ಹಾಗೆ. ದಾರದಂಗಡಿಯವನ ಹತ್ತಿರ ಹೋಗಿ ಕೂಗಾಡಿ ಬಂದೆ. ಒಂದು ಭಾನುವಾರ ಅವಳ ಮೂರು ಅಂಗಿಗಳನ್ನೂ ಮುಂದಿಟ್ಟುಕೊಂಡು, ಮೇಣ ಸವರಿದ ನೈಲಾನ್ ದಾರದಲ್ಲಿ, ದಪ್ಪ ಕೋಟಿಗೆ ಹಾಕುವ ಹಾಗೆ ಒಳಗಡೆ ಇನ್ನೊಂದು ಪುಟ್ಟ ಗುಂಡಿ ಕೊಟ್ಟು, ಎರಡನ್ನೂ ಸೇರಿಸಿ ಹೊಲಿದೆ. ಶಾಲೆಯ ಅಂಗಿಗೆ ಯಾವ ಟೈಲರೂ ಹಾಗೆ ಹೊಲಿಯುವುದಿಲ್ಲ. "ಇನ್ನು ಆನೆ ಎಳೆದ್ರೂ ಬರಲ್ಲ ನೋಡು" ಎಂದು ಅವಳ ಕೈಗೆ ಕೊಟ್ಟೆ. ಅವಳು ಒಂದು ಗುಂಡಿಯನ್ನು ಎಳೆದು ನೋಡಿದಳು. ಖುಷಿಯಾಯಿತೆಂದು ನಾನು ತಿಳಿದೆ.

ನಾಲ್ಕು ದಿನ ಕಳೆದು ಗುರುವಾರ ಶಾಲೆಯಿಂದ ಫೋನ್ ಬಂತು. ಆಸ್ಪತ್ರೆಗೆ ಓಡಿದಾಗ ಅಂಗಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕುರ್ಚಿಯ ಮೇಲೆ ಹಾಕಿದ್ದರು. ನಿನ್ನ ಹತ್ತಿರ ಏನನ್ನು ಮುಚ್ಚಿಡಲಿ, ನನ್ನ ಕಣ್ಣು ಮಗುವಿಗಿಂತ ಮೊದಲು ಆ ಅಂಗಿಯ ಮೇಲೆ ಹೋಯಿತು. ಏಳಕ್ಕೆ ಏಳೂ ಗುಂಡಿ ಇದ್ದವು. ಒಂದು ಗಳಿಗೆ ಸಮಾಧಾನವೂ ಆಯಿತು. ಆಗ ಅವಳು ಕಣ್ಣು ಬಿಟ್ಟು, "ಕಿತ್ಕೊಳ್ಳಿ ಅಂತ ನಾನೇ ಹೇಳ್ದೆ ತಾತ. ಬರ್ಲೇ ಇಲ್ಲ" ಎಂದಳು.

ಆಮೇಲೆ ತುಣುಕು ತುಣುಕಾಗಿ ಹೇಳಿದಳು. ಊಟದ ಬಿಡುವಿನಲ್ಲಿ ಹಿಂದಿನ ಮೆಟ್ಟಿಲಿಳಿಯಬೇಕಾದರೆ ಏಳನೇ ಕ್ಲಾಸಿನ ನಾಲ್ವರಿಗೆ ಒಂದು ಗುಂಡಿ ಕೊಡಬೇಕಂತೆ. ಅದಕ್ಕೆ ಟೋಲ್ ಎಂದು ಹೆಸರು. ಕೊಡದವರು ಊಟದ ಡಬ್ಬಿ ಹಿಡಿದು ಗಂಟೆ ಹೊಡೆಯುವವರೆಗೂ ಮೇಲೆಯೇ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನನ್ನ ಡಬ್ಬ ಇರುವವರೆಗೆ ಅವಳ ಹಾದಿ ಸಲೀಸಾಗಿತ್ತು. ಅದಕ್ಕೆ ಬೀಗ ಹಾಕಿದವನು ನಾನು. ಆವತ್ತು ಆ ನಾಲ್ವರಲ್ಲಿ ದೊಡ್ಡ ಹುಡುಗಿ ಇವಳ ಗುಂಡಿ ಹಿಡಿದು ಎಳೆದಿದ್ದಾಳೆ. ಬರಲಿಲ್ಲ. ಸುತ್ತಲಿದ್ದವರು ನಕ್ಕರಂತೆ. ಅವಳಿಗೆ ಸಿಟ್ಟು ನೆತ್ತಿಗೇರಿ ಜಗ್ಗಿ ಎಳೆದು ಕೈಬಿಟ್ಟಿದ್ದಾಳೆ. ಹನ್ನೊಂದು ಮೆಟ್ಟಿಲು, ನಾನೇ ಹೋಗಿ ಎಣಿಸಿ ಬಂದೆ.

ಹೆಡ್ ಮೇಡಂ ಮೊದಲು, "ಮಕ್ಕಳಾಟ ಯಜಮಾನ್ರೇ, ಒಂದು ಗುಂಡಿ ವಿಷಯ ತಾನೇ" ಎಂದರು. ನನ್ನ ಮೈ ಉರಿದುಹೋಯಿತು. ಬೆಳಗ್ಗೆ ಮಕ್ಕಳು ಸಾಲಾಗಿ ನಿಲ್ಲುವಾಗ ಒಂದು ಸುತ್ತು ಹಾಕಲು ಬಿಡಿ ಎಂದು ಕೇಳಿದೆ. ನಾನು ಯಾವಾಗಲೂ ದಾರವನ್ನು ಎರಡು ಅಡ್ಡ ಗೆರೆಯಾಗಿ ಹಾಕುವವನು. ಅಮ್ಮಂದಿರು ಮನೆಯಲ್ಲಿ ಹಾಕಿದರೆ ದಾರದ ಬಣ್ಣ ಬೇರೆ, ಹೊಲಿಗೆ ಬೇರೆ. ಸಾಲಿನ ನಡುವೆ ನಡೆಯುತ್ತಾ ಮೇಡಂಗೆ ಒಂದೊಂದೇ ಅಂಗಿ ತೋರಿಸಿದೆ. ಐದನೇ ಕ್ಲಾಸೊಂದರಲ್ಲೇ ಹತ್ತೊಂಬತ್ತು ಮಕ್ಕಳ ಅಂಗಿಯಲ್ಲಿ ನನ್ನದಲ್ಲದ ಹೊಲಿಗೆ. ಒಬ್ಬಳು ಪಿನ್ ಚುಚ್ಚಿಕೊಂಡು ಬಂದಿದ್ದಳು. ಎಷ್ಟೋ ಮನೆಯಲ್ಲಿ ನನ್ನ ಹಾಗೆಯೇ ಬೈದು ಹೊಲಿದುಕೊಟ್ಟಿದ್ದಾರೆ, ಯಾರೂ ಬಾಯಿಬಿಟ್ಟು ಕೇಳಿಲ್ಲ.

ಆ ದೊಡ್ಡ ಹುಡುಗಿಯನ್ನೂ ನೋಡಿದೆ. ಎರಡು ಬಾರಿಸಬೇಕು ಎಂದೇ ಹೋಗಿದ್ದೆ. ಅವಳ ಅಂಗಿಯಲ್ಲಿ ನಾಲ್ಕು ಗುಂಡಿ ನೀಲಿ ದಾರದಲ್ಲಿದ್ದವು, ಮಕ್ಕಳ ಕೈಯ ಹೊಲಿಗೆ, ಗಂಟು ಮೇಲೆಯೇ ಕಾಣುತ್ತಿತ್ತು. ಕ್ಲಾಸ್ ಟೀಚರ್ ಹೇಳಿದರು, ಹೋದ ವರ್ಷ ಅದೇ ಮೆಟ್ಟಿಲ ಮೇಲೆ ಇವಳೂ ಗುಂಡಿ ಕೊಟ್ಟವಳೇ ಅಂತೆ. ಮನೆಯಲ್ಲಿ ಹೊಲಿದುಕೊಡುವವರು ಯಾರೂ ಇರಲಿಲ್ಲವಂತೆ. ನನಗೆ ಕೈ ಎತ್ತಲಾಗಲಿಲ್ಲ. ಆದರೆ ಕ್ಷಮಿಸಿದೆ ಎಂದು ಸುಳ್ಳು ಬರೆಯುವುದಿಲ್ಲ, ಇನ್ನೂ ಹೊಟ್ಟೆ ಉರಿಯುತ್ತಿದೆ.

ಈಗ ಬಿಡುವಿನಲ್ಲಿ ಆ ಮೆಟ್ಟಿಲ ಹತ್ತಿರ ದಿನವೂ ಒಬ್ಬ ಟೀಚರ್ ನಿಲ್ಲುತ್ತಾರೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತಿದ್ದಾರೆ. ಆ ನಾಲ್ವರ ಜೊತೆಗೂ ಮಾತಾಡುತ್ತಿದ್ದಾರೆ, ಅವರ ಮನೆಯವರನ್ನೂ ಕರೆಸಿದ್ದಾರೆ. ನಾನೂ ಅಲ್ಲೇ ಸ್ಟೂಲ್ ಹಾಕಿಕೊಂಡು ಗುಂಡಿ ತೂರಿಸುವ ಕಾಜಾ ಹೊಲಿಯುತ್ತಾ ಕೂರುತ್ತೇನೆ ಎಂದೆ, ಒಪ್ಪಿದರು. ಆದರೆ ಗುಂಡುಸೂಜಿ ಮಾತ್ರ ಹೋಗಲ್ಲ ಎನ್ನುತ್ತಾಳೆ. ಅದನ್ನು ಬಿಟ್ಟರೆ ಬೇರೆ ಮಾತೇ ಇಲ್ಲ. ಯೂನಿಫಾರ್ಮ್ ಕಂಡರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಬಲವಂತ ಮಾಡಿಲ್ಲ. ಬೇರೆ ಶಾಲೆ ನೋಡೋಣವೇ, ಸ್ವಲ್ಪ ದಿನ ಬಿಟ್ಟು ಇದೇ ಶಾಲೆಗೆ ಕಳಿಸೋಣವೇ, ನೀವಿಬ್ಬರೂ ಯೋಚಿಸಿ ತಿಳಿಸಿ. ರಜೆ ಸಿಕ್ಕರೆ ನೀನೇ ಬಂದು ಅವಳ ಪಕ್ಕದಲ್ಲಿ ನಾಲ್ಕು ದಿನ ಮಲಗು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಬ್ಬರೂ ಚೆನ್ನಾಗಿರಿ, ಈ ಮುದುಕನ ಆಯಸ್ಸೂ ನಿಮಗೇ ಇರಲಿ.

ನಿನ್ನ ಅಪ್ಪ

ತಾ. ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನೀನು ಆರನೇ ಕ್ಲಾಸಿನಲ್ಲಿದ್ದ ವರ್ಷ ಪ್ರತಿ ದಿನ ಬೆಳಗ್ಗೆ ಈ ಅಂಗಡಿಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಶಾಲೆಗೆ ಹೋಗಲ್ಲ ಎಂದು ಅಳುತ್ತಿದ್ದೆ. ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಳಿಸುತ್ತಿದ್ದವನು ನಾನು. ಸೋಮಾರಿ ಎಂದು ಬೈದೆ, ಅಳತೆ ಕೋಲಿನಿಂದ ಹೊಡೆದದ್ದೂ ಉಂಟು. ಏಳನೇ ಕ್ಲಾಸಿಗೆ ಬಂದ ಮೇಲೆ ನೀನು ಅಳುವುದನ್ನು ನಿಲ್ಲಿಸಿದೆ. ಹುಡುಗಿ ದಾರಿಗೆ ಬಂದಳು ಎಂದು ನಿನ್ನ ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ. ಯಾಕೆ ಹೋಗಲ್ಲ ಎಂದು ಒಂದು ದಿನವೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಕೇಳುತ್ತಿದ್ದೇನೆ ಮಗಳೇ, ಅಲ್ಲಿ ನಿನಗೆ ಯಾರು ಏನು ಮಾಡುತ್ತಿದ್ದರು?