ಬೆಂಕಿಯ ಮೇಲೆ ನಿಂತವನು

ನವೆಂಬರ್ 14, ಗುರುವಾರ. ಶಾವ್‌ಶಿಂಗ್, ಚೀನಾ

ಕೂಸಿನ ಜ್ವರ ಇಳಿದಿಲ್ಲ. ಡಾಕ್ಟರು ಭಯ ಬೇಡ ಎಂದರು; ನನ್ನ ಭಯ ಅವರ ಮಾತು ಕೇಳುತ್ತಿಲ್ಲ.

ಮಗುವಿನ ಜಾತಕದಲ್ಲಿ ಬೆಂಕಿಯ ಅಂಶವೇ ಇಲ್ಲವೆಂದು ಜೋಯಿಸ ಹೇಳಿದ್ದಕ್ಕೆ ಅತ್ತೆ ಹಟ ಹಿಡಿದು ಇಟ್ಟ ಹೆಸರು: 赤, ಕೆಂಪು. ಅಕ್ಷರದೊಳಗೆ ಬೆಂಕಿಯಿದೆ, ಕೊರತೆ ತುಂಬುತ್ತದಂತೆ. ಬೆಳಿಗ್ಗೆ ಮಾವ ಅದರ ಹಳೆಯ ರೂಪವನ್ನು ಕುಂಚದಲ್ಲಿ ಬರೆದು ತೋರಿಸಿದರು. ಮೇಲೆ ಕೈಕಾಲು ಚಾಚಿ ನಿಂತ ಮನುಷ್ಯ, ಕೆಳಗೆ ಉರಿ.

"ಇವನನ್ನ ಸುಡ್ತಿದಾರಾ, ಮಾವ?"

"ಹುಚ್ಚು ಹುಡುಗಿ! ಆ ಮನುಷ್ಯ ಅಂದ್ರೆ ದೊಡ್ಡದು ಅಂತ. ದೊಡ್ಡ ಬೆಂಕಿ, ಅದರ ಬಣ್ಣ ಕೆಂಪು, ಅಷ್ಟೇ."

"ಸುಡೋದು ಅಂತ ಯಾರೂ ಹೇಳಲ್ವಾ?"

ಅವರು ಕುಂಚ ತೊಳೆಯಲು ಎದ್ದು ಹೋದರು.

ಆಗಿನಿಂದ ಕೂಸಿನ ಹಣೆ ಮುಟ್ಟಿದಾಗಲೆಲ್ಲ ಆ ಮನುಷ್ಯನೇ ಕಾಣುತ್ತಾನೆ. ಅತ್ತೆಯ ಮೇಲೆ ಸಿಟ್ಟು ಕುದಿಯುತ್ತಿತ್ತು. ಕೂಸಿಗೆ ತಿಂಗಳು ತುಂಬಿದ ದಿನ ಶುಭಕ್ಕೆಂದು ಕೆಂಪು ಮೊಟ್ಟೆ ಹಂಚುತ್ತಾ ಬೀದಿಗೆಲ್ಲ ಕೇಳುವಂತೆ ಆ ಹೆಸರು ಕೂಗಿದ್ದರಲ್ಲ!

ಈಗ ಒದ್ದೆ ಬಟ್ಟೆ ಹಿಡಿದು ತೊಟ್ಟಿಲ ಪಕ್ಕ ಕೂತಿದ್ದಾರೆ. "ನಾಯಿಮರಿ, ನನ್ನ ಕೊಳಕು ನಾಯಿಮರಿ, ಒಂದು ಗುಟುಕು ಕುಡಿಯೋ." ಕೆಟ್ಟ ಕಣ್ಣು ಬೀಳದಿರಲೆಂದು ಕೂಸುಗಳನ್ನು ಹಾಗೆ ಕರೆಯುತ್ತಾರೆ, ಅಂಥ ಹಳ್ಳಿ ಹೆಸರು ನಮ್ಮನೆಗೆ ಬೇಡ ಎಂದಿದ್ದವರೂ ಇವರೇ. ಇಡೀ ದಿನ ಆ ಕೆಂಪು ಹೆಸರು ಅವರ ಬಾಯಿಂದ ಬಂದಿಲ್ಲ.

ಅಂದರೆ ಅವರಿಗೂ ಭಯವಾಗಿದೆ. ನಾನೊಬ್ಬಳೇ ಹೆದರಿದ್ದಾಗ ಎಷ್ಟೋ ಧೈರ್ಯವಿತ್ತು.