ಬದನೆ ಮಡಿಯ ಕಲ್ಲು

ಡಿಸೆಂಬರ್ ೧೭, ಬುಧವಾರ

ಕಾಯಿ ಹಿಡಿದ ಬದನೆ ಗಿಡಗಳು ಬಾಡಿ ಜೋತುಬಿದ್ದಿವೆ, ಇನ್ನೂ ತಲೆ ಎತ್ತಿಲ್ಲ. ಚಂದ ಕಾಣಲೆಂದು ಮಡಿಯ ಸುತ್ತ ಫರಸಿ ಕಲ್ಲು ಹೂಳಿಸಿದವಳು ನಾನೇ. ನೀರು ಹೋಗಲು ಒಂದು ಸಂದೂ ಬಿಡಲಿಲ್ಲ. ನಿನ್ನೆ ಪೈಪು ಹಚ್ಚಿ ಮರೆತೆ, ಮಡಿಯ ತುಂಬ ನೀರು ನಿಂತಿತು. ಎರೆಮಣ್ಣು ಬೇರೆ, ಕುಡಿದ ನೀರು ಬಿಡುವುದಿಲ್ಲ.

ನಾಡಿದ್ದು ಎಳ್ಳಮಾವಾಸ್ಯೆ. ಪಕ್ಕದ ಮನೆಯ ಹುಚ್ಚವ್ವ ಆಯಿ ಹೊಲದಲ್ಲಿ ಭೂತಾಯಿಗೆ ಚೆಲ್ಲುವ ಚರಗ ಒಯ್ಯುವಾಗ ಎಣ್ಣೆಗಾಯಿ ನನ್ನ ಬದನೆಯದೇ ಎಂದು ಮಾತು ಕೊಟ್ಟಿದ್ದೇನೆ. ಸಂಜೆ ಗೋಡೆಯಾಚೆಯಿಂದ ಕರೆದರು: "ಸಂತ್ಯಾಗ ಬದನಿಕಾಯಿ ತಗೊಂಡಿಲ್ಲವ್ವಾ ಕೌಸರ. ನಿನ್ನ ಗಿಡದ್ದ ರುಚಿ ಬ್ಯಾರೆ ಐತಿ."

"ಹೂನ್ರಿ ಆಯಿ" ಎಂದೆ. ಅವರು ಅತ್ತ ಹೋದದ್ದೇ ಹಾರೆ ಹಾಕಿ ಗೋಡೆ ಕಡೆಯ ಕಲ್ಲೊಂದನ್ನು ಕಿತ್ತೆ. ನಿಂತ ನೀರೆಲ್ಲ ಗೋಡೆಯ ಬುಡದಿಂದ ಅವರ ಹಿತ್ತಲಿಗೆ ಹರಿಯಿತು. ಆಗ ಸಮಾಧಾನವಾಯಿತು.

ನೆನಪಾದದ್ದು ಈಗ, ಹಾಸಿಗೆಗೆ ಬಂದ ಮೇಲೆ. ಬೆಳಿಗ್ಗೆ ಆಯಿ ಆ ಗೋಡೆಯ ಬುಡದಲ್ಲೇ ಕೂತು ಮೆಂತ್ಯ ಬಿತ್ತುತ್ತಿದ್ದರು. ನಾಳೆ ಬದನೆಯ ಮಾತು ಎತ್ತಲೋ, ಮೊದಲು ನನ್ನ ನೀರಿಗೆ ಕೊಚ್ಚಿಹೋದ ಮೆಂತ್ಯದ್ದೋ...