ಗಾಜುಗಿಳಿ ಮತ್ತು ಕೊಬ್ಬರಿ ಹಲಗೆ

ಹೊನ್ನವಳ್ಳಿ,
ಮೇ 11, ಭಾನುವಾರ

ಪ್ರೀತಿಯ ಲಿಖಿತಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೆ? ಮಗಳು ನಿನಗೆ ನಿದ್ದೆ ಮಾಡಲು ಬಿಡುತ್ತಾಳೋ, ಇಲ್ಲ ಹುಳಿಯಾರಿನ ಬೀದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತಾಳೋ? ಬಾಣಂತಿಯ ಕಣ್ಣಿಗೆ ಫೋನು ಬೇಡವೆಂದು ನಿಮ್ಮಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಸರಿ, ಕಾಗದಕ್ಕೆ ಅಡ್ಡಿಯಿಲ್ಲವಲ್ಲ. ಅವರೇ ಓದಿ ಹೇಳಿದರೂ ನನಗೇನೂ ನಾಚಿಕೆಯಿಲ್ಲ. ಅತ್ತೆ, ನಮಸ್ಕಾರ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಇದ್ದಲ್ಲೇ ಇದೆ, ಬಾಯಿಯೂ ಇದ್ದ ಹಾಗೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಹೆರಿಗೆಗೆ ಹೊರಡುವ ದಿನ ನೀನು ಕಾಗದ ಕತ್ತರಿಸುವ ಮಿಷನ್ನಿಗೆ ಹಳೇ ಸೀರೆ ಸುತ್ತಿ, "ಇದನ್ನ ಯಾರಿಗಾದ್ರೂ ಕೊಟ್ಬುಡ್ರಿ. ತೊಟ್ಟಿಲಿಗೆ ಒಂದ್ ಗಿಳಿ ನೆಟ್ಟಗೆ ಮಾಡಕ್ಕಾಗ್ಲಿಲ್ಲ, ಇನ್ನು ಮಗು ಬಂದ್ಮೇಲೆ ನನ್ ಕೈಲೇನಾಯ್ತದೆ" ಅಂದು ಕಾರು ಹತ್ತಿದೆ. ಆ ಮಾತು ನನಗೆ ಒಂದಿಷ್ಟೂ ಹಿಡಿಸಲಿಲ್ಲ. ತವರಿನಲ್ಲಿ ನೀನು ಮಾಡಿ ತಂದ ಕಾಗದದ ಹೂಗಳು ಇಂದಿಗೂ ನಮ್ಮ ಕೋಣೆಯ ಕಿಟಕಿಯಲ್ಲಿ ಬಣ್ಣದ ಗಾಜಿನ ಹಾಗೆ ಹೊಳೆಯುತ್ತಿವೆ, ಒಂದು ಚೂರೂ ಉದುರಿಲ್ಲ. ಈ ಮನೆಗೆ ಬಂದ ಮೇಲೆ ಮಾಡಿದವುಗಳಲ್ಲಿ ಮಾತ್ರ, ಹಳೇ ಗಾಜಿನ ಅಂದ ಬರಲೆಂದು ಬಿರುಕು ಬಿಡಿಸುತ್ತಲೇ ಮೇಲಿನ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಕೈ ಅದೇ, ಕಾಗದದ ಮೇಲೆ ಕರಗಿಸುವ ಪುಡಿಯೂ ಅದೇ. ಹಾಗಾದರೆ ತಪ್ಪು ನಿನ್ನ ಕೈಯದು ಹೇಗಾಗುತ್ತದೆ? ಇದನ್ನು ಪತ್ತೆ ಮಾಡಿಯೇ ತೀರುತ್ತೇನೆಂದು ಸೀರೆ ಬಿಚ್ಚಿದೆ (ಮಿಷನ್ನಿನದು, ಅತ್ತೆ).

ನಿನ್ನ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತ ಕಲಿತದ್ದು ವ್ಯರ್ಥವಾಗಲಿಲ್ಲ. ಹಸಿರು ಕಾಗದವನ್ನು ಅಚ್ಚಿನ ಜೊತೆ ಮಿಷನ್ನಿಗೆ ಕೊಟ್ಟು ಹಿಡಿ ತಿರುಗಿಸಿದೆ, ಗಿಳಿ ಬಂತು. ಅಂಟುಶಾಯಿ ಒತ್ತಿ, ಬಿಳಿ ಪುಡಿ ಉದುರಿಸಿ, ಬಿಸಿಗಾಳಿ ಹಿಡಿದೆ. ಪುಡಿ ಕರಗಿ ಗಾಜಿನಂತೆ ತಿಳಿಯಾಯಿತು. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಆಮೇಲೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ಮಲಗಿಸಿದೆ. ಅವ್ವ ನೋಡಿ, "ಕಾಗದಕ್ಕೂ ಜ್ವರ ಬಂದೈತೇನ್ಲಾ?" ಅಂದಳು. ತಣ್ಣಗಾದ ಮೇಲೆ ಮೆಲ್ಲಗೆ ಬಗ್ಗಿಸಿದೆ, ಬೇಕಾದ ಹಾಗೇ ಚಿಟಿಚಿಟಿ ಬಿರುಕು ಬಿಟ್ಟಿತು. ನಾನು ಹಿಗ್ಗುವಷ್ಟರಲ್ಲಿ ಗಿಳಿಯ ಹೊಟ್ಟೆಯ ಮೇಲಿನ ಗಾಜೇ ಕಳಚಿ ನೆಲಕ್ಕೆ ಬಿತ್ತು. ನಿನಗೆ ಆಗುತ್ತಿದ್ದುದೂ ಇದೇ ಅಲ್ಲವೆ?

ಎರಡನೆಯ ಗಿಳಿಗೆ ಬಿಸಿ ಹಿಡಿದಾಗ ಮೂಗು ಹೇಳಿತು. ಕೊಬ್ಬರಿ ಕಾಯಿಸಿದ ವಾಸನೆ! ನಿನಗೆ ಮೇಜು ಮಾಡಿಕೊಟ್ಟ ಹಲಗೆ ಯಾವುದು ಹೇಳು? ಅಪ್ಪನ ಕಾಲದಿಂದ ಕೊಬ್ಬರಿ ಒಣಗಿಸುತ್ತಿದ್ದ ಹಲಸಿನ ಹಲಗೆ. ಮೇಲೆ ಎಷ್ಟೇ ಒರೆಸಿದರೂ ಒಳಗೆ ಎಣ್ಣೆ ಕುಡಿದು ಕೂತಿದೆ. ಬಿಸಿ ತಾಗಿದೊಡನೆ ಬೆವರುತ್ತದೆ, ಕಾಗದ ಅದನ್ನು ಹೀರುತ್ತದೆ, ಎಣ್ಣೆ ಕಾಗದಕ್ಕೆ ಗಾಜು ಕಚ್ಚುವುದಿಲ್ಲ. ಮನೆಗೆ ಬಂದ ಸೊಸೆಗೆ ಇರುವುದರಲ್ಲಿ ಒಳ್ಳೆಯ ಹಲಗೆ ಕೊಟ್ಟೆವೆಂದು ನಾವೆಲ್ಲ ಬೀಗುತ್ತಿದ್ದೆವು. ನೀನು ಮಾತ್ರ ನಿನ್ನ ಕೈಯನ್ನೇ ಬೈದುಕೊಂಡು ಕೂತೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ ಕಣೇ.

ಆ ಹಲಗೆ ತೆಗೆದು, ಅಡುಗೆಮನೆ ಕಟ್ಟೆಗೆ ತಂದು ಮಿಕ್ಕಿದ್ದ ಕಡಪ ಕಲ್ಲನ್ನು ಮೇಜಿಗೆ ಹಾಕಿದೆ. ಸೀಗೆಪುಡಿಯಲ್ಲಿ ಕೈ ತೊಳೆದು ಕೂತೆ. ಮೂರನೆಯ ಗಿಳಿ ನಿಂತಿತು! ಬಿರುಕಿಗೆ ಕಂದು ಶಾಯಿ ಉಜ್ಜಿ ಒರೆಸಿದರೆ, ಯಾವುದೋ ಹಳೇ ಬಂಗಲೆಯ ಕಿಟಕಿಯಿಂದ ಎದ್ದು ಬಂದಂತಿದೆ. ಕೊಕ್ಕು ಸ್ವಲ್ಪ ಸೊಟ್ಟ. ಅದು ನಮ್ಮ ಮನೆತನದ ಗಿಳಿ, ಮೂಗು ಹಾಗೇ ಇರುತ್ತದೆ. ಅಪ್ಪಿತಪ್ಪಿ ಚೂರು ಉದುರಿ ಮಗುವಿನ ಕಣ್ಣಿಗೆ ಬಿದ್ದರೆ ಎಂದು ತೊಟ್ಟಿಲಿಗೆ ಕಟ್ಟದೆ, ಎತ್ತರದ ಕಿಟಕಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಬಿಸಿಲಿಗೆ ನಡುಮನೆಯ ಗೋಡೆಯೆಲ್ಲ ಹಸಿರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು. ನಿಮಗಿಬ್ಬರಿಗೂ ಅವ್ವನ ಆಶೀರ್ವಾದ. ಅತ್ತೆ ಮಾವನಿಗೆ ನನ್ನ ನಮಸ್ಕಾರ.

ನಿನ್ನ ಗಂಡ, ಈಗ ಶಿಷ್ಯನೂ ಹೌದು,
ಜ್ಞಾನೇಶ್

ಒಂದು ಮಾತು ಮರೆತೇಬಿಟ್ಟಿದ್ದೆ. ಈ ಪತ್ರವನ್ನು ನಿನಗೆ ತಲುಪಿಸುವ ನಿನ್ನ ತಮ್ಮ ರವಿಕಿರಣ್ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮಿಷನ್ನನ್ನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಕಿಟಕಿಯ ಪಕ್ಕ ನಿನ್ನ ಮೇಜು ಹಾಕಿ, ಅಲ್ಲೇ ತೊಲೆಗೆ ತೊಟ್ಟಿಲ ಕೊಕ್ಕೆ ಹೊಡೆಸಿದ್ದೇನೆ. ಕೆಲಸ ಮಾಡುತ್ತಲೇ ನೀನು ತೂಗಲೆಂದು ಹಗ್ಗವನ್ನು ನಿನ್ನ ಕುರ್ಚಿಯವರೆಗೆ ಬಿಟ್ಟಿದ್ದೆ. ಅವ್ವ ಈಗಷ್ಟೇ ಅದನ್ನು ಬಿಚ್ಚಿ, ಉದ್ದದ ಹಗ್ಗ ಕಟ್ಟಿ, ತಾನು ಕೂರುವ ಕಂಬದ ಕಡೆಗೆ ಎಳೆದುಕೊಂಡಳು. "ಅವಳ ಕೆಲ್ಸಕ್ಕೆ ಎರಡು ಕೈಯೂ ಬೇಕು ಕಣ್ಲಾ" ಅಂದಳು.